ಕೈಗಾದ ಒಂದು ಘಟಕಕ್ಕೆ ದಿನಕ್ಕೆ ಎಷ್ಟು ಯುರೇನಿಯಂ ಬೇಕು?

ಪ್ರಶ್ನೆ: ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ ಎಂಬ ಮಾತು ಬಂದಾಗಲೆಲ್ಲ ಕೈಗಾದ ಹೆಸರೂ ಬರುತ್ತದೆ. ಅಂಥ ಸ್ಥಾವರದ ಒಂದು ಘಟಕಕ್ಕೆ ದಿನಕ್ಕೆ ಒಂದು ಕಿಲೋ ಕೂಡ ಬೇಕಾಗುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ, ಕ್ವಿಂಟಲ್‌ಗಿಂತ ಹೆಚ್ಚು ಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ, ದಿನಕ್ಕೆ ನೂರಾರು ಟನ್ ಎಂದು ಮತ್ತೊಬ್ಬರು ವಾದಿಸುತ್ತಾರೆ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ವಿದ್ಯಾರ್ಥಿಗಳಿಗೆ ಯಾವ ಅಂಕಿ ಹೇಳಬೇಕು, ಅದನ್ನು ಲೆಕ್ಕ ಹಾಕುವುದು ಹೇಗೆ? ಸಾವಿರ ಟನ್ ಯುರೇನಿಯಂ ಸಿಕ್ಕರೆ ಕೈಗಾಕ್ಕೆ ಎಷ್ಟು ವರ್ಷ ಸಾಕಾಗುತ್ತದೆ?
(ಯಾದಗಿರಿ ಜಿಲ್ಲೆಯ ಓದುಗರೊಬ್ಬರು)

ಉತ್ತರ: ತಾವು ಕೇಳಿದ ಮೂರೂ ಅಂಕಿಗಳು ಸರಿಯಾಗಿಯೇ ಇವೆ. ಮೂವರೂ ಬೇರೆ ಬೇರೆ ವಸ್ತುವನ್ನು ತೂಗಿ ಒಂದೇ ಹೆಸರಿನಿಂದ ಕರೆಯುತ್ತಿದ್ದಾರೆ, ತಂಟೆ ಇರುವುದು ಅಷ್ಟರಲ್ಲೇ. ಹೊಲದಲ್ಲಿ ಕೊಯ್ದು ಒಟ್ಟಿದ ತೊಗರಿಯ ಬಣವೆ, ದಾಲ್ ಮಿಲ್ಲಿಗೆ ಹೋದ ತೊಗರಿ ಮತ್ತು ಮನೆಯ ಪಾತ್ರೆಯಲ್ಲಿ ಬೆಂದ ಬೇಳೆ, ಈ ಮೂರರ ತೂಕವನ್ನೂ ಕಲಬುರಗಿಯಲ್ಲಿ ಯಾರೂ ಒಂದೇ ಎಂದುಕೊಳ್ಳುವುದಿಲ್ಲ. ಯುರೇನಿಯಂ ವಿಚಾರದಲ್ಲಿ ಮಾತ್ರ ತಿಳಿದವರೂ ಹಾಗೆ ಎಂದುಕೊಂಡುಬಿಡುತ್ತಾರೆ. ಆದ್ದರಿಂದ ಒಡೆಯುವ ಪರಮಾಣುಗಳಿಂದ ಶುರುಮಾಡಿ ಗಣಿಯ ಅದಿರಿನವರೆಗೆ ಒಂದೊಂದೇ ಹೆಜ್ಜೆಯಾಗಿ ಲೆಕ್ಕ ಮಾಡೋಣ. ಇದಕ್ಕೆ ಗುಣಾಕಾರ, ಭಾಗಾಕಾರಗಳಿಗಿಂತ ಹೆಚ್ಚಿನ ಗಣಿತ ಬೇಕಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಾಲ್ಕೂ ಭಾರಜಲ ಬಳಸುವ, ಸಮೃದ್ಧಗೊಳಿಸದ (ಅಂದರೆ ಸುಲಭವಾಗಿ ಒಡೆಯುವ ಪರಮಾಣುಗಳ ಪಾಲನ್ನು ಹೆಚ್ಚಿಸದ) ನೈಸರ್ಗಿಕ ಯುರೇನಿಯಂನಿಂದಲೇ ನಡೆಯುವ ರಿಯಾಕ್ಟರ್‌ಗಳು. ಇಲ್ಲಿ 220 ಮೆಗಾವಾಟ್ ಎಂಬುದು ಜನರೇಟರ್‌ನಿಂದ ಹೊರಬರುವ ವಿದ್ಯುತ್ತು. ರಿಯಾಕ್ಟರ್‌ನಲ್ಲಿ ಹುಟ್ಟುವ ಶಾಖ ಸುಮಾರು 756 ಮೆಗಾವಾಟ್. ಉಗಿಯಿಂದ ಟರ್ಬೈನ್ ತಿರುಗಿಸುವ ಯಾವ ಸ್ಥಾವರವೂ ಶಾಖವನ್ನೆಲ್ಲ ವಿದ್ಯುತ್ತಾಗಿ ಮಾರ್ಪಡಿಸಲಾರದು. ಕೈಗಾದ ಮಾದರಿಯಲ್ಲಿ ಶೇ. 29ರಷ್ಟು ಮಾತ್ರ ವಿದ್ಯುತ್ತಾಗಿ, ಉಳಿದದ್ದು ತಂಪುಗೊಳಿಸುವ ನೀರಿನ ಪಾಲಾಗುತ್ತದೆ. ಇಂಧನದ ಲೆಕ್ಕವನ್ನು ಯಾವಾಗಲೂ ಶಾಖದಿಂದಲೇ ಆರಂಭಿಸಬೇಕು. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ: 220ರಿಂದ ಹೊರಟು, ಬರಬೇಕಾದ ಉತ್ತರದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಪಡೆಯುತ್ತಾರೆ.

ಒಂದು ಯುರೇನಿಯಂ ಪರಮಾಣು ಒಡೆದಾಗ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ ಎಂದು ತಾವು ತರಗತಿಯಲ್ಲಿ ಹೇಳಿರುತ್ತೀರಿ. 756 ಮೆಗಾವಾಟ್ ಶಾಖಕ್ಕೆ ಸೆಕೆಂಡಿಗೆ ಸುಮಾರು 2.4 ಲಕ್ಷ ಕೋಟಿ ಕೋಟಿ ಪರಮಾಣುಗಳು ಒಡೆಯಬೇಕು. ಇದನ್ನು ದಿನದ 86,400 ಸೆಕೆಂಡುಗಳಿಂದ ಗುಣಿಸಿ, ಅವೊಗಾಡ್ರೊ ಸಂಖ್ಯೆಯಿಂದ ಭಾಗಿಸಿ, 235ರಿಂದ ಗುಣಿಸಿದರೆ ಸುಮಾರು 800 ಗ್ರಾಂ ಬರುತ್ತದೆ. ನೆನಪಿಟ್ಟುಕೊಳ್ಳಲು ಸುಲಭವಾದ ದಾರಿಯೂ ಇದೆ: ಒಂದು ಗ್ರಾಂ ಯುರೇನಿಯಂ ಪೂರ್ತಿಯಾಗಿ ಒಡೆದರೆ ಒಂದು ಮೆಗಾವಾಟ್ ಶಾಖ ಹೆಚ್ಚುಕಡಿಮೆ ಒಂದು ದಿನ ಸಿಗುತ್ತದೆ. ತಮ್ಮ ಮೊದಲ ವಾದಿಯ 'ಒಂದು ಕಿಲೋ ಕೂಡ ಬೇಡ' ಎಂಬ ಮಾತು ಇಲ್ಲಿಂದ ಬಂದದ್ದು, ಒಡೆದ ಪರಮಾಣುಗಳ ಮಟ್ಟಿಗೆ ಅದು ನಿಜ. ಐನ್‌ಸ್ಟೈನ್‌ರ ಸಮೀಕರಣವನ್ನು ಹಿಡಿದು ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ, ಶಕ್ತಿಯಾಗಿ ಮಾರ್ಪಟ್ಟು ನಿಜವಾಗಿಯೂ ಇಲ್ಲವಾಗುವ ದ್ರವ್ಯ ದಿನಕ್ಕೆ ಮುಕ್ಕಾಲು ಗ್ರಾಂ ಕೂಡ ಇಲ್ಲ. ಬಳಕೆಯಾಗಿ ಹೊರಬಂದ ಇಂಧನವನ್ನು ತೂಗಿದರೆ ಒಳಗೆ ಹೋದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಲ್ಲಿದ್ದಲು ಉರಿದು ಬೂದಿಯಾಗುವುದನ್ನು ಕಂಡ ನಮಗೆ 'ಇಂಧನ ಖರ್ಚಾಯಿತು' ಎಂಬ ಮಾತು ಈ ವಿಷಯದಲ್ಲಿ ದಾರಿ ತಪ್ಪಿಸುವುದು ಅದಕ್ಕಾಗಿಯೇ.

ಆದರೆ ಸ್ಥಾವರ ನಡೆಸುವವರು 800 ಗ್ರಾಂ ಯುರೇನಿಯಂ ತರಿಸಿಕೊಂಡು ದಿನ ಸಾಗಿಸಲಾರರು. ನೈಸರ್ಗಿಕ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇ. 0.71 ಮಾತ್ರ, ಉಳಿದದ್ದೆಲ್ಲ ಯುರೇನಿಯಂ-238. ಆ ಶೇ. 0.71ನ್ನೂ ಕೊನೆಯವರೆಗೆ ಬಳಸಲಾಗುವುದಿಲ್ಲ. ಒಡೆಯಬಲ್ಲ ಪರಮಾಣುಗಳು ಕಡಿಮೆಯಾಗುತ್ತ ಹೋದಂತೆ, ಒಡೆದ ಚೂರುಗಳಲ್ಲಿ ಕೆಲವು ನ್ಯೂಟ್ರಾನ್‌ಗಳನ್ನು ನುಂಗುತ್ತ ಹೋದಂತೆ, ಸರಪಳಿ ಕ್ರಿಯೆಗೆ ನ್ಯೂಟ್ರಾನ್ ಸಾಲದೆ ಬರುತ್ತದೆ. ಅಷ್ಟರೊಳಗೆ ಆ ಇಂಧನವನ್ನು ಹೊರತೆಗೆದು ಹೊಸದನ್ನು ಹಾಕಬೇಕು. ಒಂದು ಟನ್ ಯುರೇನಿಯಂನಿಂದ, ಅದನ್ನು ಹೊರತೆಗೆಯುವ ಹೊತ್ತಿಗೆ, ಎಷ್ಟು ಮೆಗಾವಾಟ್-ದಿನ ಶಾಖ ಪಡೆದೆವು ಎಂಬುದನ್ನು ಈ ಕಸುಬಿನವರು ಬರ್ನ್‌ಅಪ್ ಎನ್ನುತ್ತಾರೆ. ನಮ್ಮ 220 ಮೆಗಾವಾಟ್ ಭಾರಜಲ ರಿಯಾಕ್ಟರ್‌ಗಳಲ್ಲಿ ಅದು ಸರಾಸರಿ 6,700ರ ಆಸುಪಾಸು. ಇಡೀ ಲೆಕ್ಕದ ಕೀಲಿಕೈ ಈ ಒಂದು ಸಂಖ್ಯೆ. ಶಾಖದ ಮೆಗಾವಾಟ್ ಅನ್ನು ಬರ್ನ್‌ಅಪ್‌ನಿಂದ ಭಾಗಿಸಿದರೆ ದಿನಕ್ಕೆ ಬೇಕಾದ ಇಂಧನ ಟನ್‌ಗಳಲ್ಲಿ ಸಿಗುತ್ತದೆ. 756 ಭಾಗಿಸು 6,700, ಅಂದರೆ 0.113 ಟನ್, ಕಿಲೋಗಳಲ್ಲಿ 113. ಎರಡನೆಯ ವಾದಿ ಹೇಳಿದ 'ಕ್ವಿಂಟಲ್‌ಗಿಂತ ಹೆಚ್ಚು' ಇದೇ, ವಿದ್ಯಾರ್ಥಿಗಳಿಗೆ ಒಂದೇ ಅಂಕಿ ಹೇಳುವುದಾದರೆ ನಾನು ಇದನ್ನೇ ಹೇಳುತ್ತೇನೆ. ಸ್ಥಾವರದ ಬಾಗಿಲಿನೊಳಗೆ ಹೋಗುವುದೂ ಹೊರಬರುವುದೂ ಇಷ್ಟೇ ಆದ್ದರಿಂದ, ಬಳಕೆ ಎಂದಾಗ ಅರ್ಥವಾಗಬೇಕಾದದ್ದು ಇದು.

ಈ ಉತ್ತರ ಸರಿಯೇ ಎಂದು ಪರೀಕ್ಷಿಸಲು ಬೇರೊಂದು ದಾರಿ ಇದೆ. ಅದಕ್ಕೆ ಇಂಧನದ ರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯುರೇನಿಯಂ ಡೈಆಕ್ಸೈಡ್ ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಸುಟ್ಟು, ಬೆರಳಿನ ದಪ್ಪದ ಗಟ್ಟಿ ಬಿಲ್ಲೆಗಳನ್ನು ಮಾಡುತ್ತಾರೆ. ಅವನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ಸಾಲಾಗಿ ತುಂಬಿ, ಎರಡೂ ತುದಿಗಳನ್ನು ಬೆಸೆದು, ಅಂಥ 19 ಕೊಳವೆಗಳನ್ನು ದುಂಡಗೆ ಜೋಡಿಸಿದರೆ ಒಂದು ಬಂಡಲ್ ಆಗುತ್ತದೆ. ಉದ್ದ ಸುಮಾರು ಅರ್ಧ ಮೀಟರ್, ಒಟ್ಟು ತೂಕ ಸುಮಾರು 16.5 ಕಿಲೋ, ಅದರೊಳಗಿನ ಯುರೇನಿಯಂ ಸುಮಾರು 13.4 ಕಿಲೋ. ಹೊಸ ಬಂಡಲ್ ಅನ್ನು ಒಬ್ಬ ಮನುಷ್ಯ ಕೈಯಲ್ಲಿ ಎತ್ತಬಹುದು. ಬಳಕೆಯಾಗಿ ಬಂದದ್ದರ ಹತ್ತಿರ ನಿಲ್ಲುವುದೂ ಪ್ರಾಣಾಂತಿಕ, ಅದನ್ನು ಆಳವಾದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಈ ಬಂಡಲ್‌ಗಳು ತಯಾರಾಗುವುದು ಬೀದರ್, ಕಲಬುರಗಿಯವರು ಆಸ್ಪತ್ರೆಗೆಂದೂ ವ್ಯಾಪಾರಕ್ಕೆಂದೂ ಓಡಾಡುವ ಹೈದರಾಬಾದಿನಲ್ಲೇ, ಅಲ್ಲಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್‌ನಲ್ಲಿ.

113 ಕಿಲೋವನ್ನು 13.4ರಿಂದ ಭಾಗಿಸಿದರೆ ದಿನಕ್ಕೆ ಎಂಟೂವರೆಗೆ ಸ್ವಲ್ಪ ಕಡಿಮೆ ಬಂಡಲ್‌ಗಳಾಗುತ್ತವೆ. ಈಗ ರಿಯಾಕ್ಟರ್ ಕಡೆಯಿಂದ ನೋಡಿ. ಅದರಲ್ಲಿ ಅಡ್ಡಲಾಗಿ ಮಲಗಿಸಿದ 306 ನಳಿಗೆಗಳಿದ್ದು, ಪ್ರತಿಯೊಂದರಲ್ಲಿ 12 ಬಂಡಲ್‌ಗಳು ಸಾಲಾಗಿ ಕುಳಿತಿರುತ್ತವೆ. ಇಂಧನ ತುಂಬುವ ಎರಡು ಯಂತ್ರಗಳು ಒಂದು ನಳಿಗೆಯ ಎರಡೂ ತುದಿಗಳಿಗೆ ಬಂದು ಕಚ್ಚಿಕೊಂಡು, ಒಳಗಿನ ಭಾರಜಲದ ಒತ್ತಡ ಇಳಿಯದಂತೆ ಬಿರಡೆ ತೆಗೆಯುತ್ತವೆ. ಒಂದು ಕಡೆಯಿಂದ ಎಂಟು ಹೊಸ ಬಂಡಲ್‌ಗಳನ್ನು ತಳ್ಳಿದರೆ ಇನ್ನೊಂದು ಕಡೆಯಿಂದ ಎಂಟು ಹಳೆಯವು ಹೊರಬರುತ್ತವೆ. ಬಿರಡೆ ಹಾಕಿ ಯಂತ್ರಗಳು ಹಿಂದೆ ಸರಿಯುತ್ತವೆ. ಇಷ್ಟೆಲ್ಲ ನಡೆಯುವಾಗ ರಿಯಾಕ್ಟರ್ ನಿಂತಿರುವುದಿಲ್ಲ, ವಿದ್ಯುತ್ ಹರಿಯುತ್ತಲೇ ಇರುತ್ತದೆ. ಸರಾಸರಿ ದಿನಕ್ಕೆ ಒಂದು ನಳಿಗೆ, ಒಂದು ನಳಿಗೆಗೆ ಎಂಟು ಬಂಡಲ್: ಕಾಗದದ ಮೇಲಿನ ಭಾಗಾಕಾರವೂ ಯಂತ್ರದ ದಿನಚರಿಯೂ ಒಂದೇ ಕಡೆಗೆ ಬಂದು ನಿಲ್ಲುತ್ತವೆ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದು ವಿಶ್ವದಾಖಲೆ ಮಾಡಲು ಸಾಧ್ಯವಾದದ್ದೂ ಇಂಧನಕ್ಕಾಗಿ ನಿಲ್ಲಿಸಬೇಕಿಲ್ಲದ ಈ ಏರ್ಪಾಟಿನಿಂದ.

ಒಂದು ಬಂಡಲ್‌ನ ಒಳಗೆ ನಡೆಯುವುದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಸಿಗದ ಸಂಗತಿ, ತರಗತಿಯಲ್ಲಿ ಹೇಳುವಂಥದ್ದು. 13.4 ಕಿಲೋ ಯುರೇನಿಯಂನಲ್ಲಿ ಯುರೇನಿಯಂ-235 ಇರುವುದು ಸುಮಾರು 95 ಗ್ರಾಂ. ದಿನಕ್ಕೆ 800 ಗ್ರಾಂ ಒಡೆಯುವುದಕ್ಕೆ 8.4 ಬಂಡಲ್‌ಗಳು ಎಂದರೆ ಒಂದೊಂದರಲ್ಲಿ ಒಡೆದದ್ದು ಕೂಡ ಸುಮಾರು 95 ಗ್ರಾಂ. ಹಾಗಾದರೆ ಯುರೇನಿಯಂ-235 ಪೂರ್ತಿ ಮುಗಿಯಿತೆಂದು ತೋರುತ್ತದೆ. ಹೊರಬಂದ ಬಂಡಲ್ ಅನ್ನು ಪರೀಕ್ಷಿಸಿದರೆ ಅದರಲ್ಲಿ ಇನ್ನೂ ಮೂರನೇ ಒಂದಕ್ಕೆ ಹತ್ತಿರ ಉಳಿದಿರುತ್ತದೆ. ಉಳಿಕೆಯ ಲೆಕ್ಕವನ್ನು ತುಂಬಿಕೊಟ್ಟದ್ದು ಯುರೇನಿಯಂ-238. ಅದು ನ್ಯೂಟ್ರಾನ್ ಹೀರಿ, ಕೆಲವು ದಿನಗಳಲ್ಲಿ ಪ್ಲುಟೋನಿಯಂ ಆಗಿ, ಅಲ್ಲಿಯೇ ಒಡೆದು ಶಾಖ ಕೊಡುತ್ತದೆ. ಹೀಗೆ ಬರುವ ಪಾಲು ಒಟ್ಟು ಶಾಖದ ಐದರಲ್ಲಿ ಎರಡಕ್ಕೆ ಕಡಿಮೆಯಿಲ್ಲ. ಯುರೇನಿಯಂ-235 ಒಂದನ್ನೇ ಹಿಡಿದು ಲೆಕ್ಕ ಮಾಡಿ, ಅದು ಪೂರ್ತಿ ಒಡೆಯುತ್ತದೆಂದು ಭಾವಿಸಿದ ವಿದ್ಯಾರ್ಥಿಗೆ ಉತ್ತರ ಸರಿಯಾಗಿ ಬಂದುಬಿಡುತ್ತದೆ, ಆದರೆ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದ್ದರಿಂದ ಬಂದ ಸರಿ ಅದು. ಅಂಥ ಉತ್ತರಪತ್ರಿಕೆಗೆ ಅಂಕ ಕೊಡುವ ಮೊದಲು ಒಂದು ಮಾತು ಕೇಳಿ ನೋಡಬೇಕು.

ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಬಂಡಲ್‌ನಿಂದ ಆರು ಲಕ್ಷ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಗೃಹಜ್ಯೋತಿಯ ಗರಿಷ್ಠ ಮಿತಿಯಾದ ತಿಂಗಳಿಗೆ 200 ಯೂನಿಟ್ ಪೂರ್ತಿ ಬಳಸುವ ಜೆಸ್ಕಾಂ ಗ್ರಾಹಕರನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅರ್ಧ ಮೀಟರ್ ಉದ್ದದ ಆ ಒಂದು ಬಂಡಲ್ ಸುಮಾರು 260 ಮನೆಗಳಿಗೆ ಒಂದು ವರ್ಷ ಸಾಕು. ಸ್ಥಾವರವೇ ತನ್ನ ಪಂಪುಗಳಿಗೆ ಬಳಸಿಕೊಳ್ಳುವುದನ್ನೂ ತಂತಿಗಳಲ್ಲಿ ಸೋರುವುದನ್ನೂ ಕಳೆದರೆ ಮನೆಗಳ ಸಂಖ್ಯೆ ಇನ್ನಷ್ಟು ಇಳಿಯುತ್ತದೆ.

ದಿನದ ಅಂಕಿಯಿಂದ ವರ್ಷಕ್ಕೆ ಹೋಗುವಾಗ 365ರಿಂದ ನೇರವಾಗಿ ಗುಣಿಸಬಾರದು. ದುರಸ್ತಿ, ತಪಾಸಣೆ ಎಂದು ನಿಲ್ಲುವ ದಿನಗಳಿರುತ್ತವೆ, ಶೇ. 85ರಷ್ಟು ಕಾಲ ಪೂರ್ಣ ಶಕ್ತಿಯಲ್ಲಿ ನಡೆಯಿತೆಂದುಕೊಂಡರೆ ಒಂದು ಘಟಕಕ್ಕೆ ವರ್ಷಕ್ಕೆ 35 ಟನ್, ಕೈಗಾದ ನಾಲ್ಕಕ್ಕೂ ಸೇರಿ 140 ಟನ್. ಇದರ ಜೊತೆಗೆ, ಘಟಕವೊಂದು ಆರಂಭವಾಗುವಾಗ ಒಮ್ಮೆ ತುಂಬಬೇಕಾದ 3,672 ಬಂಡಲ್‌ಗಳ, ಅಂದರೆ ಸುಮಾರು 49 ಟನ್ ಯುರೇನಿಯಂನ ಮೊದಲ ದಾಸ್ತಾನು ಬೇರೆ. ಈ ಅಂಕಿಗಳು ಸಣ್ಣವೆಂದು ಕಂಡರೂ ದೇಶಕ್ಕೆ ಅಷ್ಟೂ ಸಿಗದಿದ್ದ ಕಾಲವಿತ್ತು. 2008ರ ಸುಮಾರಿಗೆ ಗಣಿಗಳಿಂದ ಸಾಕಷ್ಟು ಯುರೇನಿಯಂ ಬರದೆ ನಮ್ಮ ಭಾರಜಲ ರಿಯಾಕ್ಟರ್‌ಗಳು ಅರ್ಧ ಶಕ್ತಿಯ ಆಸುಪಾಸಿನಲ್ಲಿ ನಡೆಯಬೇಕಾಯಿತು. ಅದೇ ವರ್ಷ ಪರಮಾಣು ಪೂರೈಕೆದಾರ ರಾಷ್ಟ್ರಗಳ ಗುಂಪು ಭಾರತಕ್ಕೆ ವಿನಾಯಿತಿ ಕೊಟ್ಟ ಮೇಲೆ ಆಮದಿಗೆ ದಾರಿಯಾಯಿತು. ಆದರೆ ಆಮದಾದದ್ದನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ರಿಯಾಕ್ಟರ್‌ಗಳಲ್ಲಿ ಮಾತ್ರ ಬಳಸಬಹುದು. ಕೈಗಾದ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿಲ್ಲ, ಅವು ಸ್ವದೇಶಿ ಯುರೇನಿಯಂನಿಂದಲೇ ನಡೆಯುತ್ತವೆ. ಗೋಗಿಯ ಮಾತು ಬಂದಲ್ಲೆಲ್ಲ ಕೈಗಾದ ಹೆಸರು ಬರುವುದಕ್ಕೆ ಇದೂ ಒಂದು ಕಾರಣ.

ಕೂಡಂಕುಳಂನ ಲೆಕ್ಕವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿನ 1,000 ಮೆಗಾವಾಟ್ ಘಟಕದ ಶಾಖ 3,000 ಮೆಗಾವಾಟ್, ಬರ್ನ್‌ಅಪ್ 43,000ದ ಸುಮಾರು. ಆದ್ದರಿಂದ ದಿನಕ್ಕೆ 70 ಕಿಲೋ ಮಾತ್ರ, ನಾಲ್ಕೂವರೆ ಪಟ್ಟು ದೊಡ್ಡ ಘಟಕಕ್ಕೆ ಕೈಗಾಕ್ಕಿಂತ ಕಡಿಮೆ. ಇದನ್ನು ಕಂಡು ಮರುಳಾಗಬಾರದು. ಅದು ಶೇ. 4ರ ಹತ್ತಿರಕ್ಕೆ ಸಮೃದ್ಧಗೊಳಿಸಿದ ಯುರೇನಿಯಂ, ಒಂದು ಕಿಲೋ ತಯಾರಿಸಲು ಸುಮಾರು ಎಂಟು ಕಿಲೋ ನೈಸರ್ಗಿಕ ಯುರೇನಿಯಂ ಬೇಕು. ಹಾಗೆ ಹಿಂದಕ್ಕೆ ಹೋದರೆ ವರ್ಷಕ್ಕೆ 170 ಟನ್‌ಗಿಂತ ಹೆಚ್ಚಾಗುತ್ತದೆ. ಕೈಗಾದ ದರದಲ್ಲಿ 1,000 ಮೆಗಾವಾಟ್‌ಗೆ 160 ಟನ್ ಸಾಕು.

ಇನ್ನು ಮೂರನೆಯ ವಾದಿಯ ನೂರಾರು ಟನ್. ಯುರೇನಿಯಂ ಗಣಿಯಿಂದ ಬರುವುದು ಕಲ್ಲಾಗಿ, ಅದರಲ್ಲಿ ಯುರೇನಿಯಂ ಅಂಶ ಬಹಳ ಕಡಿಮೆ. ಅದಿರಿನಲ್ಲಿ ಶೇ. 0.05 ಇದ್ದರೆ, ನಷ್ಟವೇ ಆಗದೆಂದು ಭಾವಿಸಿದರೂ, ದಿನದ 113 ಕಿಲೋ ಪಡೆಯಲು 226 ಟನ್ ಕಲ್ಲನ್ನು ತೆಗೆದು ಅರೆಯಬೇಕು. ಗೋಗಿಯ ನಿಕ್ಷೇಪ ಭೀಮಾ ಕೊಳ್ಳದ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್, ಕುರ್ಲಗೇರಿ-ಗೋಗಿ ಸ್ತರಭಂಗದ ಉದ್ದಕ್ಕೂ ಒಡೆದು ನುಚ್ಚಾದ ಜಾಗದಲ್ಲಿದೆ. ಶಹಾಬಾದಿನಲ್ಲಿ ಪರಸಿಯಾಗಿ, ವಾಡಿ-ಸೇಡಂಗಳಲ್ಲಿ ಸಿಮೆಂಟಾಗಿ ಹೋಗುವ ಸುಣ್ಣಕಲ್ಲೂ ಇದೇ ಕೊಳ್ಳದ್ದು. ಭಾರತದ ಮಟ್ಟಿಗೆ ಗೋಗಿಯ ಅದಿರು ಗಟ್ಟಿಯಾದದ್ದು, ಶೇ. 0.1ಕ್ಕಿಂತ ಹೆಚ್ಚು, ಪರಿಶೋಧನೆಯ ಗಣಿಗಾರಿಕೆಯೂ ಅಲ್ಲಿ ನಡೆದಿದೆ. ಲೆಕ್ಕಕ್ಕಾಗಿ ಶೇ. 0.15 ಎಂದುಕೊಂಡರೆ ದಿನಕ್ಕೆ 75 ಟನ್ ಅದಿರು ಸಾಕು.

ಇಲ್ಲಿ ಒಂದು ಜನಪ್ರಿಯ ಹೋಲಿಕೆಯ ಬಗ್ಗೆ ನನ್ನ ತಕರಾರು ಹೇಳಬೇಕು. ಒಂದು ಗ್ರಾಂ ಯುರೇನಿಯಂ ಮೂರು ಟನ್ ಕಲ್ಲಿದ್ದಲಿಗೆ ಸಮ ಎಂದು ಎಲ್ಲೆಡೆ ಬರೆಯುತ್ತಾರೆ. ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಕಡೆ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಕಲ್ಲಿದ್ದಲು ಎಂದು ಹಿಡಿದರೆ, 220 ಮೆಗಾವಾಟ್‌ಗೆ ದಿನಕ್ಕೆ 3,700 ಟನ್ ಬೇಕು. ವಾಡಿ ಜಂಕ್ಷನ್ನಿನಲ್ಲಿ ನಿಂತವರು ನೋಡಿರುವ ಕಲ್ಲಿದ್ದಲಿನ ಒಂದು ಪೂರ್ತಿ ಗೂಡ್ಸ್ ರೈಲು ಅದು. ಒಡೆದ ಪರಮಾಣುಗಳ 800 ಗ್ರಾಂ ಜೊತೆ ಹೋಲಿಸಿದರೆ ಅಂತರ 46 ಲಕ್ಷ ಪಟ್ಟು. ರಿಯಾಕ್ಟರ್‌ಗೆ ಹೋಗುವ 113 ಕಿಲೋ ಜೊತೆ ಹೋಲಿಸಿದರೆ 33 ಸಾವಿರ ಪಟ್ಟು. ಶೇ. 0.05ರ ಅದಿರಿನ ಜೊತೆ ಹೋಲಿಸಿದರೆ ಬರೀ 16 ಪಟ್ಟು. ಕಲ್ಲಿದ್ದಲಿನ ಗಣಿಯಲ್ಲೂ ಮೇಲಿನ ಮಣ್ಣನ್ನು ಅಗೆದು ಹಾಕಬೇಕು ಎಂಬುದು ನಿಜವೇ ಆದರೂ, ಲಕ್ಷದ ಲೆಕ್ಕವನ್ನು ಗಣಿಯ ಬಾಗಿಲಲ್ಲಿ ನಿಂತು ಹೇಳುವುದು ಸರಿಯಲ್ಲ. ಗೋಗಿ ಸುತ್ತಲಿನ ಹಳ್ಳಿಗಳವರು ಕೇಳಿ ತಿಳಿಯಬೇಕಾದದ್ದು ಅದಿರಿನ ಅಂಕಿ. ಶೇ. 0.15ರ ಲೆಕ್ಕದಲ್ಲಿ ಒಂದು ಘಟಕಕ್ಕೆ ವರ್ಷಕ್ಕೆ 23,000 ಟನ್ ಅದಿರು ತೆಗೆದರೆ 35 ಟನ್ ಮಾತ್ರ ಊರು ಬಿಟ್ಟು ಹೋಗುತ್ತದೆ. ಉಳಿದದ್ದೆಲ್ಲ ಅರೆದ ಕೆಸರಾಗಿ, ರೇಡಿಯಂ ಮುಂತಾದ ವಿಕಿರಣಶೀಲ ಧಾತುಗಳನ್ನು ಒಳಗೊಂಡು, ಅದಿರು ಸಂಸ್ಕರಿಸಿದ ಜಾಗದ ಪಕ್ಕದ ಕಟ್ಟೆಯಲ್ಲಿ ಉಳಿಯುತ್ತದೆ. ಅದಿರಿನ ವಿಕಿರಣಶೀಲತೆಯ ಹೆಚ್ಚಿನ ಪಾಲು ಇರುವುದೂ ಆ ಕೆಸರಿನಲ್ಲಿಯೇ.

ತಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುವ ಮೊದಲು, ಸಾವಿರ ಟನ್ ಎಂದರೆ ಯಾವುದು ಎಂದು ಕೇಳಲೇಬೇಕು. ನಿಕ್ಷೇಪದ ವರದಿಗಳಲ್ಲಿ ಟನ್ ಎಂದರೆ ಸಾಮಾನ್ಯವಾಗಿ ಯು3ಓ8 ಎಂಬ ಆಕ್ಸೈಡಿನ ತೂಕ, ಅದರಲ್ಲಿ ಯುರೇನಿಯಂ ಶೇ. 84.8. ಬಂಡಲ್‌ನಲ್ಲಿರುವುದು ಯುಓ2, ಅದರಲ್ಲಿ ಶೇ. 88. ಬರ್ನ್‌ಅಪ್‌ನ ಲೆಕ್ಕ ಮಾತ್ರ ಶುದ್ಧ ಯುರೇನಿಯಂ ಮೇಲೆ. ನೆಲದಲ್ಲಿ ಸಾವಿರ ಟನ್ ಯು3ಓ8 ಇದ್ದು, ಅದನ್ನೆಲ್ಲ ಹೊರತೆಗೆಯಬಹುದಾದರೆ, ಯುರೇನಿಯಂ 848 ಟನ್. ಕೈಗಾದ ಒಂದೇ ಘಟಕಕ್ಕಾದರೆ 24 ವರ್ಷ, ನಾಲ್ಕಕ್ಕೂ ಆದರೆ ಆರು ವರ್ಷ. ಗಣಿ ಕುಸಿಯದಂತೆ ಕಂಬಗಳಾಗಿ ಬಿಡಬೇಕಾದ ಅದಿರು ಮತ್ತು ಸಂಸ್ಕರಣೆಯ ನಷ್ಟ ಕಳೆದರೆ ಈ ಅವಧಿ ಇನ್ನೂ ಕಡಿಮೆಯಾಗುತ್ತದೆ. ಕೈಗಾದಲ್ಲಿ ಈಗ ತಲಾ 700 ಮೆಗಾವಾಟ್‌ನ ಐದು ಮತ್ತು ಆರನೇ ಘಟಕಗಳ ಕೆಲಸ ನಡೆಯುತ್ತಿದೆ. ಒಂದೊಂದರ ಶಾಖ 2,166 ಮೆಗಾವಾಟ್. ಅದೇ ಬರ್ನ್‌ಅಪ್‌ನಲ್ಲಿ ಅವೆರಡಕ್ಕೂ ಈ ಯುರೇನಿಯಂನ್ನೇ ಕೊಡುವುದಾದರೆ, ಆರೂ ಘಟಕಗಳಿಗೆ ವರ್ಷಕ್ಕೆ ಸುಮಾರು 340 ಟನ್ ಬೇಕಾಗುತ್ತದೆ, ಆ ಸಾವಿರ ಟನ್ ಎರಡೂವರೆ ವರ್ಷಕ್ಕೆ ಮುಗಿಯುತ್ತದೆ.